ಷರಾ

ಯೋಜನೆ ಮುಗಿದಿದೆ. ವರದಿಯ ಹನ್ನೊಂದನೇ ಪುಟ ಕೇಳುತ್ತದೆ:
ನಿಮ್ಮ ಸಂಶೋಧನೆಯಿಂದ ಆದ ಪರಿಣಾಮವೇನು?
ಇನ್ನೂರು ಪದ ಮೀರಬಾರದು. ಅಂಕಿಗಳಿದ್ದರೆ ಒಳ್ಳೆಯದು.

ಅಂಕಿಗಳಿವೆ.
ಮಾದಾಪುರ ದಾಟಿ, ಜೀಪು ಏದುಸಿರು ಬಿಡುವ ಏರಿನಾಚೆ,
ಕುಂಬಾರಕೊಲ್ಲಿಯ ಕಾಫಿ ತೋಟದಲ್ಲಿ
ರೈಟರ್ ಚೋಮುಣಿ ಮೂವತ್ತೊಂದು ವರ್ಷ
ದಿನಾ ಬೆಳಿಗ್ಗೆ ಏಳೂವರೆಗೆ ಮಳೆ ಅಳೆದಿದ್ದಾರೆ.
ಇಂಚಿನಲ್ಲಿ, ಸೆಂಟಿನಲ್ಲಿ,
ಮಗಳ ಮದುವೆಯ ಬೆಳಿಗ್ಗೆಯೂ.

ನಾನು ಹೋದದ್ದು ಅದಕ್ಕಾಗಿಯೇ.
ಇಂಚನ್ನೆಲ್ಲ ಮಿಲಿಮೀಟರು ಮಾಡಿ ಗ್ರಾಫು ಎಳೆದೆ,
ಕೊನೆಯ ಕಲಮ್ಮೊಂದನ್ನು ಬಿಟ್ಟು.
ಅದರ ತಲೆಯ ಮೇಲೆ ಬರೆದಿತ್ತು: ಷರಾ.

'ಕೊಲ್ಲಿ ನೀರು ಚಹಾ ಬಣ್ಣ.'
'ಆರನೇ ಬ್ಲಾಕಿನ ಸಿಲ್ವರ್ ಮರ ಒಂದು ಗೇಣು ವಾಲಿದೆ.'
'ಲೈನಿನ ಹಿಂದಿನ ಒರತೆ ಜಾಗ ಬದಲಿಸಿತೆಂದು ಪಾಪಾತಿ ಹೇಳುತ್ತಾಳೆ.'
'ಇವತ್ತು ಮದ್ದುಸೊಪ್ಪಿನ ಪಾಯಸ. ಸಕ್ಕರೆ ಕಡಿಮೆ.'

ಇದು ದತ್ತಾಂಶ ಅಲ್ಲ ಸರ್, ಎಂದೆ.
ಅವರು ಕನ್ನಡಕ ಒರೆಸಿಕೊಂಡು,
'ಇದು ನೀವು ಕೇಳಿದ್ದಲ್ಲ' ಎಂದರು, 'ಅಷ್ಟೇ.'

ಮೊದಲ ವರ್ಷ ನನ್ನ ಲೆಕ್ಕ ಎಚ್ಚರಿಸಿದ ದಿನ
ಬರೆ ಅಲುಗಲಿಲ್ಲ.
ಲೆಕ್ಕ ಸುಮ್ಮನಿದ್ದ ದಿನ, ಸಣ್ಣ ಮಳೆಗೆ,
ಪಲ್ಪರ್ ಶೆಡ್ಡಿನ ಅರ್ಧ ಕೊಲ್ಲಿಗೆ ಹೋಯಿತು.

ಅವತ್ತು ಸಂಜೆ ಪಾಪಾತಿ ನನ್ನನ್ನು ತನ್ನ ಬಾಗಿಲಿಗೆ ಕರೆದೊಯ್ದಳು.
ಮುಚ್ಚಿ ನೋಡಿ, ಎಂದಳು. ಮುಚ್ಚಿದೆ.
ಚಿಲಕ ತೂತಿಗೆ ಒಂದು ಬೆರಳು ಕೆಳಗೆ ನಿಂತಿತು.
'ಹದಿನೈದು ದಿನದಿಂದ ಹೀಗೆ. ಬಾಗಿಲು ಸರಿಯಾಗೇ ಇದೆ.
ಜಾರ್ತಾ ಇರೋದು ನೆಲ.'
ಆಮೇಲೆ, ನನ್ನ ಪುಸ್ತಕ ನೋಡುತ್ತ:
'ಬರ್ಕೊಂಡು ಹೋಗ್ತೀರ, ಸರಿ.
ಗೊತ್ತಾದ್ಮೇಲೆ ಯಾರಿಗೆ ಮೊದ್ಲು ಹೇಳ್ತೀರ?'

ನನ್ನ ಅರ್ಜಿಯ ನಲವತ್ತು ಪುಟದಲ್ಲಿ
ಈ ಪ್ರಶ್ನೆ ಇರಲಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆವು,
ಚೋಮುಣಿಯ ಜಗಲಿಯಲ್ಲಿ, ಮೂರು ಲೈನುಗಳ ಹೆಂಗಸರು ಕೂತು.
ನೀರಿಗೆ ಬಣ್ಣದ ಚೀಟಿ: ಚಹಾ, ಬೆಲ್ಲದ ಕಾಫಿ, ಹಾಲು ಹಾಕಿದ ಕಾಫಿ.
ಚಿಲಕಕ್ಕೆ ಸೀಮೆಸುಣ್ಣದ ಗೆರೆ.
ಹಾಲು ಹಾಕಿದ ಕಾಫಿಯೂ ಎರಡು ಮನೆಯ ಚಿಲಕವೂ ಸೇರಿದರೆ
ಹಾಜರಿ ಗಂಟೆ ಬಾರಿಸುವುದು,
ಸಾಹುಕಾರರಿಗೂ ಕೇಳದೆ, ನನಗೂ ಕೇಳದೆ.
ಇದಕ್ಕೊಪ್ಪಲು ಸಾಹುಕಾರರಿಗೆ ಎರಡು ತಿಂಗಳು ಬೇಕಾಯಿತು.
ನನಗೆ ಮೂರು.

ಸುಳ್ಳು ಎಚ್ಚರಿಕೆ ಶೇಕಡಾ ಎಷ್ಟು, ಕೇಳಿದರು ನನ್ನ ಪ್ರೊಫೆಸರು.
ಪಾಪಾತಿಗೆ ಹೇಳಿದೆ. ಅವಳು ಬೆರಳು ಮಡಚಲಿಲ್ಲ:
'ಸುಳ್ಳಾದ್ರೆ ಒಂದು ರಾತ್ರಿ ನಿದ್ದೆ ಹೋಗತ್ತೆ.'

ಕಕ್ಕಡದ ಇಪ್ಪತ್ತೆರಡು. ರಾತ್ರಿ ಹನ್ನೊಂದಕ್ಕೆ ಗಂಟೆ.
ನಲವತ್ತಮೂರು ಜನ, ಆರು ಆಡು, ಕಂಬಳಿ ಸುತ್ತಿದ ಒಂದು ಟೀವಿ
ಶಾಲೆಯ ಎರಡು ಕೋಣೆಗಳಲ್ಲಿ ಬೆಳಗು ಮಾಡಿದವು.

ಬೆಳಕಾದಾಗ ಬೆಟ್ಟ ಇದ್ದಲ್ಲೇ ಇತ್ತು.
ಲೈನು ಇದ್ದಲ್ಲೇ ಇತ್ತು.
ಮುರುಗೇಶ ನನ್ನ ಮುಖಕ್ಕೇ ಬೈದ.
ನಾನು ಮಣ್ಣು ನೋಡುತ್ತ ನಿಂತೆ,
ಕುಸಿದಿದ್ದರೆ ಚೆನ್ನಾಗಿತ್ತು ಎಂದು
ಒಂದು ಕ್ಷಣ ಅನ್ನಿಸಿದ್ದನ್ನು ಯಾರಿಗೂ ಹೇಳಿಲ್ಲ.

ಅವತ್ತಿನ ರಿಜಿಸ್ಟರಿನಲ್ಲಿ ಚೋಮುಣಿಯ ದುಂಡು ಅಕ್ಷರ:
'ಏಳು ಇಂಚು ನಲವತ್ತು ಸೆಂಟು.
ಬರೆ ಜರಿಯಲಿಲ್ಲ. ಎಲ್ಲರೂ ಇದ್ದಾರೆ.
ಸೆಲ್ವಿ ಮನೆ ಮೀನು ಸಾರು ನಾಯಿ ಪಾಲು.'

ವಾರ ಕಳೆದು ಮತ್ತೆ ಗಂಟೆ.
ಬೈದುಕೊಂಡೇ ಮೊದಲು ಹೊರಟವನು ಮುರುಗೇಶ,
ಹೆಗಲ ಮೇಲೆ ಪಕ್ಕದ ಮನೆಯ ಅಜ್ಜಿ.
ಅವತ್ತೂ ಏನೂ ಆಗಲಿಲ್ಲ.

ಪ್ರಬಂಧಕ್ಕೆ ಮೂವರ ಹೆಸರು ಹಾಕಿ ಕಳಿಸಿದೆ.
ಮೂರನೆಯವರ ಸಂಸ್ಥೆ ಯಾವುದು, ಎಂದು ಪತ್ರ ಬಂತು.
ಪಾಪಾತಿ ಯೋಚಿಸಿ ಹೇಳಿದಳು:
'ಮೂರನೇ ಲೈನು, ಕೊನೇ ಮನೆ ಅಂತ ಬರೀರಿ.'

ಈಗ ಹನ್ನೊಂದನೇ ಪುಟ. ಪರಿಣಾಮ.
ಆಗದೆ ಉಳಿದದ್ದಕ್ಕೆ ಇದರಲ್ಲಿ ಚೌಕವಿಲ್ಲ,
ಷರಾ ಕಲಮ್ಮೂ ಇಲ್ಲ.
ಅಂಚಿನಲ್ಲಿ ಜಾಗ ಇದೆ, ಒಂದು ಗೇಣು.
ಮೀನು ಸಾರಿನಿಂದ ಶುರು ಮಾಡುತ್ತೇನೆ.